ಕೋಟೆಯ ಬಂಡೆಗಳಲ್ಲಿ ‘ನಾಗರಹಾವು’ ಹುಡುಕಿ ಬರುವವರಿಗೆ ಒಂದು ದಾರಿ ಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಸಿನಿಮಾ ಮತ್ತು ಧಾರಾವಾಹಿಗಳ ಚಿತ್ರೀಕರಣ ನಡೆದ ಜಾಗಗಳನ್ನು ನೋಡುವುದಕ್ಕೆಂದೇ ಜನ ದೇಶದೇಶ ಸುತ್ತುತ್ತಿರುವ ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ನ್ಯೂಜಿಲೆಂಡಿನ ಕುರಿ ಫಾರಂ, ಥಾಯ್ಲೆಂಡಿನ ಕಡಲತೀರ, ಲಡಾಖಿನ ಸರೋವರ ಎಲ್ಲವೂ ಅದರಲ್ಲಿದ್ದವು. ಐವತ್ತು ವರ್ಷಗಳಿಂದ ಒಂದೇ ಒಂದು ಕನ್ನಡ ಸಿನಿಮಾದ ನೆನಪನ್ನು ಎದೆಯಲ್ಲಿಟ್ಟುಕೊಂಡು ಜನ ಬರುತ್ತಿರುವ ಚಿತ್ರದುರ್ಗದ ಹೆಸರು ಮಾತ್ರ ಇರಲಿಲ್ಲ. ಇದನ್ನು ದೂರೆಂದು ಬರೆಯುತ್ತಿಲ್ಲ. ಹಾಗೆ ಬರುವವರಿಗಾಗಿ ನಮ್ಮವರೇ ಏನನ್ನೂ ಮಾಡಿಕೊಂಡಿಲ್ಲದಿರುವಾಗ ದೂರದ ಲೇಖಕರು ನಮ್ಮನ್ನು ಮರೆತರೆ ಅಚ್ಚರಿಯಿಲ್ಲ. ಆ ಬಗ್ಗೆ ನನ್ನ ಮನಸ್ಸಿನಲ್ಲಿ ಬಹಳ ದಿನಗಳಿಂದ ಇರುವುದನ್ನು ತಮ್ಮ ಪತ್ರಿಕೆಯ ಮೂಲಕ ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳ ಓದುಗರ ಮುಂದಿಡಲು ಬಯಸುತ್ತೇನೆ.

ನಾನು ಹುಟ್ಟಿ ಬೆಳೆದದ್ದು ದುರ್ಗದಲ್ಲಿ, ಕೋಟೆಗೆ ಹೋಗುವ ದಾರಿಯ ಪಕ್ಕದ ಒಂದು ಓಣಿಯಲ್ಲಿ. ದುಡಿದದ್ದು ದಾವಣಗೆರೆಯ ಜವಳಿ ಅಂಗಡಿಯೊಂದರಲ್ಲಿ, ಲೆಕ್ಕ ಬರೆಯುವ ಗುಮಾಸ್ತನಾಗಿ. 1997ರವರೆಗೆ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯೇ ಆಗಿದ್ದುದರಿಂದ ಎರಡು ಊರುಗಳ ನಡುವಿನ ಅರವತ್ತು ಕಿಲೋಮೀಟರನ್ನು ನಮ್ಮ ಮನೆಯವರು ಯಾರೂ ದೂರವೆಂದು ಎಣಿಸಿದವರಲ್ಲ. 1972ರಲ್ಲಿ ಪುಟ್ಟಣ್ಣ ಕಣಗಾಲರು ‘ನಾಗರಹಾವು’ ಚಿತ್ರೀಕರಣಕ್ಕೆಂದು ದುರ್ಗಕ್ಕೆ ಬಂದಾಗ ನನಗೆ ಒಂಬತ್ತು ವರ್ಷ. ನಟರನ್ನು ಹತ್ತಿರದಿಂದ ಕಂಡ ಭಾಗ್ಯ ನನ್ನದಲ್ಲ. ಹುಡುಗರನ್ನು ದೂರದಲ್ಲಿಯೇ ತಡೆದು ನಿಲ್ಲಿಸಿದ್ದರು. ನಾನು ಕಂಡದ್ದು ಬೆಳ್ಳಿ ಬಣ್ಣದ ಕಾಗದ ಅಂಟಿಸಿದ ದೊಡ್ಡ ಹಲಗೆಗಳನ್ನು ಇಬ್ಬರು ಆಳುಗಳು ಬಿಸಿಲಿಗೆ ಹಿಡಿದು ನಿಂತದ್ದನ್ನು ಮತ್ತು ಆ ಬೆಳಕು ಕರಿಯ ಬಂಡೆಯ ಮೇಲೆ ಬಿದ್ದು ನಡುಗುತ್ತಿದ್ದುದನ್ನು. ಆ ವರ್ಷದ ಡಿಸೆಂಬರಿನ ಕೊನೆಯಲ್ಲಿ ಸಿನಿಮಾ ಬಿಡುಗಡೆಯಾಗಿ ನಮ್ಮೂರಿಗೂ ಬಂದಾಗ, ದಿನವೂ ಕಾಣುತ್ತಿದ್ದ ಬಂಡೆಗಳನ್ನು ನೋಡಲು ನನ್ನ ತಾಯಿ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡದ್ದು, ಒನಕೆ ಓಬವ್ವನ ಹಾಡಿನ ಹೊತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಇಂದಿಗೂ ನೆನಪಿದೆ.

ಆ ಹಾಡಿನ ಪ್ರಭಾವ ಎಷ್ಟು ದೊಡ್ಡದು ಎಂಬುದನ್ನು ಕೋಟೆಯೊಳಗೆ ಅರ್ಧ ದಿನ ಕಳೆದವರು ಬಲ್ಲರು. ಚಿ. ಉದಯಶಂಕರ್ ಬರೆದು, ವಿಜಯಭಾಸ್ಕರ್ ಸಂಗೀತ ನೀಡಿ, ಪಿ.ಬಿ. ಶ್ರೀನಿವಾಸ್ ಹಾಡಿ, ಜಯಂತಿಯವರು ಓಬವ್ವನಾಗಿ ಅಭಿನಯಿಸಿದ ಆ ಕೆಲವೇ ನಿಮಿಷಗಳು ಒಂದು ಕಿಂಡಿಯನ್ನು ಇಡೀ ಕನ್ನಡ ನಾಡಿನ ಕಣ್ಣಿನಲ್ಲಿ ನಿಲ್ಲಿಸಿಬಿಟ್ಟವು. ಓಬವ್ವನ ಕಥೆ ದುರ್ಗದ ಸೀಮೆಯಲ್ಲಿ ಅದಕ್ಕೆ ಮೊದಲೂ ಇತ್ತು; ಕಹಳೆಯ ಮುದ್ದಹನುಮ ಊಟಕ್ಕೆ ಕುಳಿತದ್ದು, ನೀರು ತರಲು ಹೋದ ಹೆಂಡತಿಗೆ ಕಿಂಡಿಯಿಂದ ಶತ್ರುಗಳು ನುಸುಳುತ್ತಿರುವುದು ಕಂಡದ್ದು, ಅವಳ ಕೈಗೆ ಒನಕೆ ಬಂದದ್ದು ಎಲ್ಲವನ್ನೂ ಅಜ್ಜಿಯರು ಹೇಳುತ್ತಿದ್ದರು. ಆದರೆ ರಾಯಚೂರಿನ ಹುಡುಗನಿಗೂ ಮಂಗಳೂರಿನ ಹುಡುಗಿಗೂ ಅವಳನ್ನು ಮನೆಯ ಮಗಳಂತೆ ಪರಿಚಯಿಸಿದ್ದು ಸಿನಿಮಾ. 2021ರಿಂದ ರಾಜ್ಯ ಸರ್ಕಾರ ನವೆಂಬರ್ 11ರಂದು ಒನಕೆ ಓಬವ್ವ ಜಯಂತಿಯನ್ನು ಆಚರಿಸುತ್ತಿದೆ; ಆ ಗೌರವದ ಹಿಂದೆ ಆ ಹಾಡಿನ ಪಾಲೂ ಇದೆ ಎಂದು ನಾನು ನಂಬಿದ್ದೇನೆ.

ಕಳೆದ ದಸರಾ ರಜೆಯಲ್ಲಿ ಬೆಂಗಳೂರಿನಿಂದ ಬಂದಿದ್ದ ಹತ್ತು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಕೋಟೆಗೆ ಹೋಗಿದ್ದೆ. ಅವಳು ಹಿಂದಿನ ರಾತ್ರಿಯೇ ಮೊಬೈಲಿನಲ್ಲಿ ಸಿನಿಮಾ ನೋಡಿ ಮುಗಿಸಿ ಸಿದ್ಧಳಾಗಿದ್ದಳು. ಕಿಂಡಿಯ ಬಳಿ ನಮಗಿಂತ ಮೊದಲೇ ಹುಬ್ಬಳ್ಳಿಯ ಕಡೆಯ ಒಂದು ಕುಟುಂಬ ನಿಂತಿತ್ತು. ಅವರಲ್ಲೊಬ್ಬ ಹಿರಿಯ ಹೆಂಗಸು ಚಪ್ಪಲಿಯನ್ನು ದೂರದಲ್ಲಿಯೇ ಬಿಟ್ಟು, ಬಗ್ಗಿ ಒಬ್ಬರೇ ನುಸುಳಬೇಕಾದ ಆ ಸಂದಿಯ ಕಲ್ಲಿನ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿ ನಿಂತಿದ್ದರು. ಮಗನ ಮೊಬೈಲಿನಲ್ಲಿ ಮೆಲ್ಲಗೆ ಅದೇ ಹಾಡು. ಎಷ್ಟೋ ಜನರ ಕೈ ತಾಗಿ ತಾಗಿ ಆ ಕಲ್ಲು ಹಳೆಯ ಒರಳಿನ ಬಾಯಿಯಂತೆ ನುಣುಪಾಗಿದೆ. ಮೊಮ್ಮಗಳೂ ಅಲ್ಲಿ ಕೈಯಿಟ್ಟು ನೋಡಿ, ನನ್ನ ಕಡೆ ತಿರುಗಿ, “ಅಜ್ಜ, ಈ ಕಿಂಡಿ ಸಿನಿಮಾಕ್ಕೆ ಅಂತ ಮಾಡಿದ್ದಾ, ಇಲ್ಲಾ ಮೊದಲಿಂದಲೂ ಇತ್ತಾ?” ಎಂದು ಕೇಳಿದಳು.

ಮಗುವಿನ ಪ್ರಶ್ನೆಯೆಂದು ನಾನು ಅದನ್ನು ಪಕ್ಕಕ್ಕಿಡಲಿಲ್ಲ, ಏಕೆಂದರೆ ಅದೇ ಬೆಳಿಗ್ಗೆ ದೊಡ್ಡವರ ಬಾಯಿಂದಲೂ ಅಂಥದೇ ಮಾತುಗಳನ್ನು ಕೇಳಿದ್ದೆ. ರಾಮಾಚಾರಿ ಮತ್ತು ಅಲಮೇಲು ನಿಜವಾಗಿ ಇದ್ದರೇ ಎಂದು ಒಬ್ಬರು ವಿಚಾರಿಸುತ್ತಿದ್ದರು. ಚಾಮಯ್ಯ ಮೇಷ್ಟ್ರ ಮನೆ ಯಾವ ಬೀದಿಯಲ್ಲಿದೆ ಎಂದು ಇನ್ನೊಬ್ಬರು. ತನ್ನ ಜೊತೆಗಿದ್ದ ಪ್ರವಾಸಿಗರಿಗೆ ವಿವರಿಸುತ್ತಿದ್ದ ಮಾರ್ಗದರ್ಶಿಯೊಬ್ಬರು ಸಿನಿಮಾದ ಕಥೆಯನ್ನೂ ಪಾಳೆಯಗಾರರ ಇತಿಹಾಸವನ್ನೂ ಒಂದೇ ಉಸಿರಿನಲ್ಲಿ ಬೆರೆಸಿ ಹೇಳುತ್ತಿದ್ದರು. ಓಬವ್ವ ಅಂದು ಕಿಂಡಿ ಕಾದದ್ದರಿಂದ ದುರ್ಗ ಎಂದೂ ಹೈದರಾಲಿಯ ಕೈ ಸೇರಲಿಲ್ಲ ಎಂಬರ್ಥ ಬರುವಂತೆ ಅವರು ಮಾತು ಮುಗಿಸಿದಾಗ ನನಗೆ ಸುಮ್ಮನಿರಲಾಗಲಿಲ್ಲ. ಕೊನೆಯ ಮದಕರಿ ನಾಯಕನ ಕಾಲದಲ್ಲಿ, 1779ರಲ್ಲಿ, ದುರ್ಗ ಹೈದರನ ವಶವಾಯಿತು ಎಂದು ನಾನು ಮೆಲುದನಿಯಲ್ಲಿ ಹೇಳಿದೆ. ಕೇಳುತ್ತಿದ್ದವರಲ್ಲಿ ಇಬ್ಬರು ಮೂವರ ಮುಖ ಬಾಡಿದ್ದನ್ನು ಕಂಡು ನೋವಾಯಿತು. ಆದರೆ ಬಿದ್ದ ಕೋಟೆಯಲ್ಲಿ ಆ ಹೆಣ್ಣುಮಗಳು ಮಾಡಿದ ಕೆಲಸ ಇನ್ನಷ್ಟು ದೊಡ್ಡದಾಗಿ ಕಾಣುವುದಿಲ್ಲವೇ?

ನನ್ನ ಕೋರಿಕೆ ಇಷ್ಟೇ. ಸಿನಿಮಾ ನೋಡಿ ಬರುವವರನ್ನು ಹಗುರವಾಗಿ ಕಾಣದೆ, ಅವರು ಹುಡುಕುವ ಜಾಗವನ್ನು ಸರಿಯಾಗಿ ತೋರಿಸಿ, ಅದೇ ಜಾಗದಲ್ಲಿ ನಿಂತುಕೊಂಡೇ ಆ ಜಾಗದ ನಿಜವಾದ ಬಾಳನ್ನೂ ಹೇಳುವ ಒಂದು ವ್ಯವಸ್ಥೆ ಕೋಟೆಯಲ್ಲಿ ಆಗಬೇಕು. ಅದು ಕೋಟೆಯ ಒಂದು ಕಲ್ಲಿಗೂ ಮೊಳೆ ಹೊಡೆಯದೆ, ಬಣ್ಣ ಬಳಿಯದೆ ಆಗಬೇಕು.

ಇಂಥ ಕೆಲಸ ನಮ್ಮ ಪಕ್ಕದ ಜಿಲ್ಲೆಯಲ್ಲಿ ಈಗಾಗಲೇ ಆಗಿದೆ. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್ ನಾಗ್ ಅವರು ದೂರದರ್ಶನಕ್ಕಾಗಿ ‘ಮಾಲ್ಗುಡಿ ಡೇಸ್’ ಎಂದು ತೆರೆಗೆ ತಂದಾಗ ಆಗುಂಬೆಯೇ ಮಾಲ್ಗುಡಿಯಾಯಿತು; ಶಿವಮೊಗ್ಗದಿಂದ ಸಾಗರದ ಕಡೆ ಹೋಗುವ ರೈಲು ಹಾದಿಯಲ್ಲಿರುವ ಅರಸಾಳು ಎಂಬ ಪುಟ್ಟ ನಿಲ್ದಾಣ ಮಾಲ್ಗುಡಿಯ ರೈಲು ನಿಲ್ದಾಣವಾಯಿತು. ಬಳಕೆ ತಪ್ಪಿ ಹಾಳುಬಿದ್ದಿದ್ದ ಆ ಹಳೆಯ ಕಟ್ಟಡವನ್ನು ಕೆಡವದೆ ರೈಲ್ವೆ ಇಲಾಖೆಯವರು ದುರಸ್ತಿ ಮಾಡಿ, ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರ ಕೈಯಿಂದಲೇ ಅದಕ್ಕೆ ರೂಪ ಕೊಡಿಸಿ, 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವನ್ನಾಗಿ ತೆರೆದರು. ಅಲ್ಲಿಗೆ ಹೋಗಿ ಬಂದ ನನ್ನ ತಮ್ಮ, “ಸಣ್ಣ ಜಾಗ ಅಣ್ಣ, ಆದರೆ ಸ್ವಾಮಿ ಮತ್ತು ಅವನ ಗೆಳೆಯರು ಈಗಷ್ಟೇ ಪ್ಲಾಟ್‌ಫಾರಂ ಬಿಟ್ಟು ಹೋದರೇನೋ ಅನ್ನಿಸುತ್ತದೆ” ಎಂದ. ಊರೇ ಇಲ್ಲದ ಒಂದು ಊರಿಗೆ ಮನೆಮಾಡಿ ಕೊಟ್ಟಿದ್ದಾರೆ. ಊರೂ ಕೋಟೆಯೂ ಎರಡೂ ಇರುವ ನಮಗೆ ಅದು ಕಷ್ಟವಾಗಬಾರದು.

ರಾಮನಗರದ ಮಾತು ಬೇರೆ. 1975ರಲ್ಲಿ ತೆರೆಕಂಡ ‘ಶೋಲೆ’ಗಾಗಿ ಅಲ್ಲಿನ ಬೆಟ್ಟದ ತಪ್ಪಲಿನಲ್ಲಿ ಒಂದು ಹಳ್ಳಿಯನ್ನೇ ಕಟ್ಟಿದ್ದರು, ಚಿತ್ರೀಕರಣ ಮುಗಿದ ಮೇಲೆ ಆ ಹಳ್ಳಿ ಇಲ್ಲವಾಗಿ ಬಂಡೆಗಳು ಮಾತ್ರ ಉಳಿದವು. ಇಂದಿಗೂ ಗಬ್ಬರ್ ಸಿಂಗ್ ಕೂತ ಬಂಡೆ ಯಾವುದು ಎಂದು ಕೇಳುತ್ತ ದೂರದ ರಾಜ್ಯಗಳಿಂದ ಜನ ಬರುತ್ತಾರೆ. ಆದರೆ ಆ ರಾಮದೇವರ ಬೆಟ್ಟ ಅಳಿವಿನ ಅಂಚಿನಲ್ಲಿರುವ ರಣಹದ್ದುಗಳ ಮನೆ. 2012ರಲ್ಲಿ ಅದನ್ನು ರಣಹದ್ದುಗಳ ವನ್ಯಧಾಮವೆಂದು ಘೋಷಿಸಲಾಯಿತು. ಬೆಟ್ಟ ಹತ್ತಿದವನಿಗೆ ಗಬ್ಬರನ ಬಂಡೆಯನ್ನು ತೋರಿಸಿ, ಅದರಾಚೆಯ ಕಡಿದಾದ ಬಂಡೆಯ ಮಗ್ಗುಲಲ್ಲಿ ಬಿಳಿಯ ಹಿಕ್ಕೆಯ ಗೆರೆಗಳಿರುವ ಕಡೆ ಕೈಮಾಡಿ, “ಅಲ್ಲಿ ಅವು ಗೂಡು ಕಟ್ಟುತ್ತವೆ, ಗಲಾಟೆ ಮಾಡಬೇಡಿ” ಎಂದು ಹೇಳುವವರೊಬ್ಬರಿದ್ದರೆ, ಸಿನಿಮಾ ನೋಡಲು ಬಂದವನು ಹಕ್ಕಿಯನ್ನೂ ನೋಡಿ ಹೋಗುತ್ತಾನೆ. ನಮ್ಮ ಕೋಟೆಯಲ್ಲಿ ಆಗಬೇಕಾದದ್ದೂ ಇದೇ ಬಗೆಯ ಕೆಲಸ.

ನಿಮ್ಮ ಲೇಖನದಲ್ಲಿ ಹೊಗಳಿದ್ದ ಥಾಯ್ಲೆಂಡಿನ ಮಾಯಾ ಕೊಲ್ಲಿಯ ಇನ್ನೊಂದು ಮುಖವನ್ನೂ ಓದುಗರು ತಿಳಿಯಬೇಕು. 2000ದಲ್ಲಿ ಬಂದ ‘ದಿ ಬೀಚ್’ ಎಂಬ ಹಾಲಿವುಡ್ ಸಿನಿಮಾದವರು ಚಿತ್ರೀಕರಣಕ್ಕಾಗಿ ಅಲ್ಲಿನ ಮರಳ ದಿಬ್ಬಗಳನ್ನೇ ಅತ್ತಿತ್ತ ಮಾಡಿ, ತೆಂಗಿನ ಮರಗಳನ್ನು ತಂದು ನೆಟ್ಟಿದ್ದರು. ಸಿನಿಮಾ ಹೆಸರಾದ ಮೇಲೆ ಆ ಪುಟ್ಟ ತೀರಕ್ಕೆ ದಿನಕ್ಕೆ ಸುಮಾರು 5,000 ಜನ ಬರತೊಡಗಿ, ದೋಣಿಗಳ ಲಂಗರಿಗೂ ಜನರ ಕಾಲಿಗೂ ಸಿಕ್ಕಿ ಹವಳದ ದಿಬ್ಬಗಳು ಸತ್ತವು. ಕೊನೆಗೆ 2018ರಲ್ಲಿ ತೀರವನ್ನೇ ಮುಚ್ಚಬೇಕಾಯಿತು. 2022ರ ಜನವರಿಯಲ್ಲಿ ಮತ್ತೆ ತೆರೆದಾಗ ದೋಣಿಗಳು ಕೊಲ್ಲಿಯೊಳಕ್ಕೆ ಬರದಂತೆ ತಡೆದು, ದ್ವೀಪದ ಹಿಂಬದಿಯಿಂದ ಎಣಿಸಿದಷ್ಟೇ ಜನರನ್ನು ಒಳಗೆ ಬಿಡುವ ನಿಯಮ ಮಾಡಿದರು. ಹವಳವನ್ನು ಮತ್ತೆ ಬೆಳೆಸಬಹುದು, ಅದಕ್ಕೆ ವರ್ಷಗಳು ಹಿಡಿದರೂ ಸರಿ. ಬಂಡೆಯ ಮೇಲೆ ಕೊರೆದ ಅಕ್ಷರವನ್ನು ಅಳಿಸುವುದು ಯಾರಿಂದಲೂ ಆಗದು.

ಆ ಅಕ್ಷರಗಳನ್ನು ನಾನು ಕಂಡಿದ್ದೇನೆ. ಮೇಲುದುರ್ಗದ ದಾರಿಯ ಬದಿಯ ಗೋಡೆಯೊಂದರಲ್ಲಿ, ಸುಣ್ಣಗಾರೆಯಿಲ್ಲದೆ ಒಂದರ ಮೈಗೊಂದು ಕೂಡುವಂತೆ ಕೆತ್ತಿಟ್ಟ ದೊಡ್ಡ ಕಲ್ಲುಗಳ ಮೇಲೆ ಒಬ್ಬ ಹುಡುಗ, ಒಬ್ಬ ಹುಡುಗಿಯ ಹೆಸರು, ನಡುವೆ ಬಾಣ ತಾಗಿದ ಹೃದಯದ ಚಿತ್ರ. ಮೊಳೆಯಿಂದಲೋ ಬೀಗದ ಕೈಯಿಂದಲೋ ಕೊರೆದದ್ದು. ಗೀರಿನ ಒಳಗಿನ ಕಲ್ಲು ಇನ್ನೂ ಹಸಿ ಬಿಳುಪಾಗಿತ್ತು, ಅಂದರೆ ಬಹಳ ಹಿಂದಿನದಲ್ಲ. ಮೊಮ್ಮಗಳು ಅದರ ಮೇಲೆ ಬೆರಳಾಡಿಸಿ, ಒರೆಸಿದರೆ ಹೋಗುತ್ತದೆಯೇ ಎಂದು ಕೇಳಿದಳು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಂತೆ ಸಂರಕ್ಷಿತ ಸ್ಮಾರಕವನ್ನು ವಿರೂಪಗೊಳಿಸಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕಾನೂನು ಸಾಕಷ್ಟು ಗಟ್ಟಿಯಾಗಿಯೇ ಇದೆ. ಆದರೆ ಗೀರುವ ಕೈಯನ್ನು ಆ ಗಳಿಗೆಯಲ್ಲಿ ತಡೆಯಲು ಅಲ್ಲೊಬ್ಬ ಮನುಷ್ಯ ಇರಬೇಕು. ರಜೆಯ ದಿನಗಳಲ್ಲಾದರೂ ಜನ ಹೆಚ್ಚು ಸೇರುವ ಕಡೆಗಳಲ್ಲಿ, ಮುಖ್ಯವಾಗಿ ಕಿಂಡಿಯ ಬಳಿ ಮತ್ತು ಎತ್ತರದ ಬಂಡೆಗಳ ಬುಡದಲ್ಲಿ, ಹೆಚ್ಚಿನ ಕಾವಲುಗಾರರನ್ನು ನಿಲ್ಲಿಸಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

ಎತ್ತರದ ಬಂಡೆಗಳ ಮಾತು ಬಂದದ್ದರಿಂದ ಇದನ್ನೂ ಹೇಳಲೇಬೇಕು. ಸಿನಿಮಾದ ಕಥೆ ಮುಗಿಯುವುದು ಬೆಟ್ಟದ ತುದಿಯಲ್ಲಿ, ಸಾವಿನಲ್ಲಿ. ಕಿಂಡಿಯ ನಂತರ ಪ್ರವಾಸಿಗರು ಹೆಚ್ಚಾಗಿ ಕೇಳುವುದು ಆ ಜಾಗವನ್ನೇ. ಅಂದು ನಾವು ಇಳಿದು ಬರುವಾಗ ಸಣ್ಣಗೆ ಮಳೆ ಹನಿದು ಬಂಡೆಗಳು ಜಾರುತ್ತಿದ್ದವು. ಹವಾಯಿ ಚಪ್ಪಲಿ ಹಾಕಿಕೊಂಡ ಒಬ್ಬ ಹುಡುಗ ರಾಮಾಚಾರಿಯ ಭಂಗಿಯಲ್ಲಿ ಎರಡೂ ಕೈ ಸೊಂಟಕ್ಕಿಟ್ಟುಕೊಂಡು ಒಂದು ಬಂಡೆಯ ಅಂಚಿನಲ್ಲಿ ನಿಂತಿದ್ದ, ಕೆಳಗಿನಿಂದ ಗೆಳೆಯರು ವಿಡಿಯೊ ಮಾಡುತ್ತ “ಇನ್ನೊಂದು ಹೆಜ್ಜೆ ಹಿಂದೆ” ಎನ್ನುತ್ತಿದ್ದರು. ಅವನ ತಾಯಿ ಅಲ್ಲಿದ್ದಿದ್ದರೆ ಎದೆಯೊಡೆದು ಹೋಗುತ್ತಿತ್ತು. ನಾನು ಕೂಗಿ ಕರೆದೆ. ಪುಣ್ಯಕ್ಕೆ ಮಾತು ಕೇಳಿ ಇಳಿದು ಬಂದ, “ಸಾರಿ ತಾತ” ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಆ ಸಿನಿಮಾ ಇಷ್ಟ, ಅದರ ಜಾಗದಲ್ಲಿ ನಿಲ್ಲುವ ಆಸೆ. ಅಪಾಯವಿಲ್ಲದೆ ನಿಂತು ಚಿತ್ರ ತೆಗೆಸಿಕೊಳ್ಳುವ ಜಾಗ ಇಲ್ಲಿದೆ, ಇಲ್ಲಿಂದ ನೋಡಿದರೆ ತೆರೆಯ ಮೇಲೆ ಕಂಡ ಅದೇ ನೋಟ ಸಿಗುತ್ತದೆ ಎಂದು ಅವನಿಗೆ ಮೊದಲೇ ತಿಳಿಸಿದ್ದರೆ ಅವನು ಆ ಅಂಚಿಗೆ ಹೋಗುತ್ತಿರಲಿಲ್ಲ.

ಅದಕ್ಕಾಗಿ ನನ್ನ ಮೊದಲ ಸಲಹೆ, ಟಿಕೆಟ್ ಕೊಡುವಲ್ಲಿಯೇ ಕನ್ನಡದಲ್ಲಿ ಅಚ್ಚಾದ ಒಂದು ಕೈಪಿಡಿ ಸಿಗಬೇಕು. ದೊಡ್ಡ ಪುಸ್ತಕ ಬೇಡ. ಜೇಬಿನಲ್ಲಿ ಹಿಡಿಸುವಂಥದು, ಒಂದು ನಕ್ಷೆಯೊಂದಿಗೆ. ಸಿನಿಮಾದಲ್ಲಿ ಕಾಣುವ ಪ್ರತಿಯೊಂದು ಜಾಗದ ಎದುರು ಎರಡು ಮಾತು ಇರಲಿ: ಇಲ್ಲಿ ಯಾವ ದೃಶ್ಯ ತೆಗೆದರು ಎಂಬುದು ಒಂದು, ಸಿನಿಮಾ ಬರುವುದಕ್ಕೆ ಎರಡು ಮೂರು ನೂರು ವರ್ಷ ಮೊದಲು ಇಲ್ಲಿ ಏನಿತ್ತು ಎಂಬುದು ಇನ್ನೊಂದು. ಉದಾಹರಣೆಗೆ, ನಾಯಕ ನಾಯಕಿಯರನ್ನು ನೆನೆದು ಹೊಂಡದ ದಡದಲ್ಲಿ ಕುಳಿತವರಿಗೆ, ಗೋಪಾಲಸ್ವಾಮಿ ಹೊಂಡ ತುಂಬಿದ ಮೇಲೆ ನೀರು ಅಕ್ಕತಂಗಿ ಹೊಂಡಕ್ಕಿಳಿದು, ಅಲ್ಲಿಂದ ಊರೊಳಗಿನ ಸಿಹಿನೀರು ಹೊಂಡ, ಸಂತೆಹೊಂಡಗಳ ಕಡೆಗೆ ಹರಿಯುವಂತೆ ಪಾಳೆಯಗಾರರ ಕಾಲದವರು ಬೆಟ್ಟದ ಇಳಿಜಾರನ್ನೇ ಕಾಲುವೆ ಮಾಡಿಕೊಂಡಿದ್ದರು ಎಂದು ತಿಳಿದರೆ ಅವರು ಆ ನೀರನ್ನು ನೋಡುವ ಕಣ್ಣೇ ಬದಲಾಗುತ್ತದೆ. ಮಳೆಯನ್ನೇ ನೆಚ್ಚಿದ ಬಯಲುಸೀಮೆಯ ಬೆಟ್ಟದ ಮೇಲೆ ಒಂದು ಸೈನ್ಯ ತಿಂಗಳುಗಟ್ಟಲೆ ಮುತ್ತಿಗೆ ತಡೆದುಕೊಂಡದ್ದು ಈ ಹೊಂಡಗಳ ಬಲದಿಂದ. ಕೆಳಗಿನ ಸುತ್ತಿನಲ್ಲಿ ಗುಂಡಿಯೊಳಗೆ ಸಾಲಾಗಿ ಕೂತಿರುವ ಮದ್ದು ಬೀಸುವ ದೊಡ್ಡ ಕಲ್ಲುಗಳನ್ನು ಎಷ್ಟೋ ಜನ ಹಿಟ್ಟಿನ ಗಿರಣಿಯೆಂದುಕೊಂಡು ದಾಟಿ ಹೋಗುವುದನ್ನು ನೋಡಿದ್ದೇನೆ. ಅವು ತೋಪಿನ ಮದ್ದು ಅರೆದ ಕಲ್ಲುಗಳು. ಓಬವ್ವನ ಕಿಂಡಿಯನ್ನು ಹುಡುಕಿ ಬಂದವರಿಗೆ ಆ ಯುದ್ಧ ಹೇಗೆ ನಡೆಯುತ್ತಿತ್ತು ಎಂಬುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಗುರುತು ಬೇರೆಲ್ಲಿದೆ?

ಕೈಪಿಡಿಯಲ್ಲಿ ಇರಲೇಬೇಕಾದ ಇನ್ನೊಂದು ಹೆಸರಿದೆ. ವಿಷ್ಣುವರ್ಧನ್, ಅಂಬರೀಷ್, ಆರತಿ, ಶುಭಾ, ಅಶ್ವಥ್, ಲೀಲಾವತಿ ಎಂದರೆ ಎಲ್ಲರಿಗೂ ಗೊತ್ತು. ಪುಟ್ಟಣ್ಣನವರ ಹೆಸರೂ ಗೊತ್ತು. ಈ ಸಿನಿಮಾ ತ.ರಾ. ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳಿಂದ ರೂಪುಗೊಂಡದ್ದು ಎಂಬುದನ್ನು ಕೋಟೆಗೆ ಬರುವ ಹತ್ತು ಜನರಲ್ಲಿ ಒಬ್ಬರೂ ಹೇಳಲಾರರು. 1920ರಲ್ಲಿ ಅವರು ಹುಟ್ಟಿದ ಮಲೇಬೆನ್ನೂರು ಇಂದು ದಾವಣಗೆರೆ ಜಿಲ್ಲೆಯಲ್ಲಿದೆ. ಅವರ ಹೆಸರಿನ ಮೊದಲಕ್ಷರವಾದ ತಳುಕು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿದೆ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಂದ ಹಿಡಿದು, ಅವರು ತೀರಿಕೊಂಡ ಮೇಲೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ದುರ್ಗಾಸ್ತಮಾನ’ದವರೆಗೆ ಈ ಕೋಟೆಯ ನಾಯಕರ ಕಥೆಯನ್ನು ಬರೆಯುತ್ತಲೇ ಹೋದ ಲೇಖಕರು ಅವರು. ಸಿನಿಮಾದ ಜಾಗ ನೋಡಲು ಬಂದ ಹುಡುಗ ಮನೆಗೆ ಹೋಗುವಾಗ ‘ದುರ್ಗಾಸ್ತಮಾನ’ವನ್ನು ಕೊಂಡೊಯ್ಯುವಂತೆ ಕೋಟೆಯ ಬಾಗಿಲಿನಲ್ಲಿ ಒಂದು ಪುಸ್ತಕದ ಮಳಿಗೆ ಇರಬಾರದೇಕೆ? ದುರ್ಗ ಬಿದ್ದದ್ದು ಹೇಗೆ ಎಂಬುದನ್ನು ನಾನು ಆ ಮಾರ್ಗದರ್ಶಿಗೆ ಒಂದು ಸಾಲಿನಲ್ಲಿ ಹೇಳಿ ಅವರ ಕೇಳುಗರ ಮುಖ ಬಾಡಿಸುವ ಬದಲು, ಆ ಪುಸ್ತಕ ನೂರಾರು ಪುಟಗಳಲ್ಲಿ, ಮನಸ್ಸು ತುಂಬುವಂತೆ ಹೇಳುತ್ತದೆ.

ಚಿತ್ರೀಕರಣದ ಸ್ಥಿರಚಿತ್ರಗಳು, ಹಳೆಯ ಭಿತ್ತಿಪತ್ರಗಳು, ತ.ರಾ.ಸು. ಅವರ ಪುಸ್ತಕಗಳ ಮೊದಲ ಮುದ್ರಣಗಳು ಮುಂತಾದವನ್ನು ಇಡಲು ಹೊಸ ಕಟ್ಟಡದ ಅಗತ್ಯವೂ ಇಲ್ಲ. ಊರೊಳಗೆ ರಂಗಯ್ಯನಬಾಗಿಲಿನಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಕೋಟೆಗೆ ಬಂದವರಲ್ಲಿ ಹೆಚ್ಚಿನವರು ಅದರತ್ತ ಸುಳಿಯುವುದಿಲ್ಲ. ಅದರಲ್ಲಿ ಒಂದು ಕೋಣೆಯನ್ನು ‘ತೆರೆಯ ಮೇಲಿನ ದುರ್ಗ’ಕ್ಕೆ ಮೀಸಲಿಟ್ಟರೆ ಆ ಕೋಣೆಗೆಂದು ಬಂದವರು ಪಕ್ಕದ ಕೋಣೆಯ ಶಾಸನ, ನಾಣ್ಯ, ಆಯುಧಗಳನ್ನೂ ನೋಡಿ ಹೋಗುತ್ತಾರೆ. ಚಿತ್ರಗಳ ಹಕ್ಕು ಪಡೆದವರ ಒಪ್ಪಿಗೆ ಬೇಕಾಗುತ್ತದೆ. 2018ರಲ್ಲಿ ಇದೇ ಸಿನಿಮಾವನ್ನು ಡಿಜಿಟಲ್ ರೂಪಕ್ಕೆ ತಂದು ಮತ್ತೆ ತೆರೆಗೆ ತಂದಾಗ ಚಿತ್ರಮಂದಿರಗಳಲ್ಲಿ ಕಂಡ ಸಡಗರವನ್ನು ನೆನೆದರೆ, ಕೇಳಿದರೆ ಕೊಡಲು ಯಾರೂ ಹಿಂಜರಿಯಲಾರರು ಎಂದು ನನಗನ್ನಿಸುತ್ತದೆ.

ನನಗಿರುವ ಒಂದು ಅಂಜಿಕೆಯನ್ನೂ ಮುಚ್ಚಿಡುವುದಿಲ್ಲ. ಲಡಾಖಿನ ಪಾಂಗಾಂಗ್ ಸರೋವರದ ದಡದಲ್ಲಿ, 2009ರ ‘3 ಈಡಿಯಟ್ಸ್’ ಸಿನಿಮಾದ ಕೊನೆಯ ದೃಶ್ಯವನ್ನು ನೆನಪಿಸುವ ಹಳದಿ ಸ್ಕೂಟರುಗಳನ್ನು ನಿಲ್ಲಿಸಿಕೊಂಡು, ಅದರ ಮೇಲೆ ಕೂತು ಚಿತ್ರ ತೆಗೆಸಿಕೊಳ್ಳುವವರಿಂದ ಹಣ ಪಡೆಯುತ್ತಾರೆ. ಹೊಟ್ಟೆಪಾಡಿನ ಮಾತಾದ್ದರಿಂದ ಅವರನ್ನು ನಾನು ದೂರಲಾರೆ. ಆದರೆ ಓಬವ್ವನ ಕಿಂಡಿಯ ಮುಂದೆ ಬಣ್ಣದ ಒನಕೆಗಳನ್ನು ಬಾಡಿಗೆಗೆ ಕೊಡುವ ದಿನ ಬರಬಾರದು. ಅಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದ ಆ ಹುಬ್ಬಳ್ಳಿಯ ತಾಯಿಗೆ ಅದು ನೋಟದ ಜಾಗವಾಗಿರಲಿಲ್ಲ. ಬಾಡಿಗೆ, ಮಾರಾಟ, ತಿಂಡಿ, ಎಳನೀರು ಎಲ್ಲವೂ ಕೋಟೆಯ ಹೊರಬಾಗಿಲಿನಾಚೆ ಧಾರಾಳವಾಗಿ ನಡೆಯಲಿ. ಸ್ಥಳೀಯರಿಗೆ ನಾಲ್ಕು ಕಾಸು ಸಿಗಲಿ. ನ್ಯೂಜಿಲೆಂಡಿನ ಮಟಮಟದಲ್ಲಿ ‘ಲಾರ್ಡ್ ಆಫ್ ದಿ ರಿಂಗ್ಸ್’ ಸಿನಿಮಾದ ಹಾಬಿಟ್ ಎಂಬ ಕುಳ್ಳ ಜನರ ಊರನ್ನು ನೋಡಲು ಹೋದವರು ಮಾರ್ಗದರ್ಶಿಯ ಜೊತೆಗಲ್ಲದೆ ಒಳಗೆ ಓಡಾಡುವಂತಿಲ್ಲ ಎಂದು ಓದಿದ್ದೇನೆ. ಸಿನಿಮಾಕ್ಕಾಗಿಯೇ ಕಟ್ಟಿದ ಗೊಂಬೆಮನೆಯಂಥ ಊರಿಗೆ ಅವರು ಅಷ್ಟು ಕಾಳಜಿ ತೆಗೆದುಕೊಳ್ಳುತ್ತಾರೆ.

ಮಾರ್ಗದರ್ಶಿಗಳ ಬಗ್ಗೆ ಇನ್ನೊಂದು ಮಾತು. ಮೇಲೆ ಹೇಳಿದವರ ಮೇಲೆ ನನಗೆ ಬೇಸರವಿಲ್ಲ. ಕೇಳಿದವರನ್ನು ಸಂತೋಷಪಡಿಸುವ ಒಳ್ಳೆಯ ಮಾತುಗಾರರು ಅವರು, ತಲೆಯಲ್ಲಿ ಸಿನಿಮಾದ ಒಂದೊಂದು ಮಾತೂ ಇದೆ. ಅವರಿಗೆ ಸರಿಯಾದ ತರಬೇತಿಯನ್ನು ಕೊಡುವುದು ನಮ್ಮ ಹೊಣೆ. ಚಿತ್ರದುರ್ಗ, ದಾವಣಗೆರೆಗಳ ಕಾಲೇಜುಗಳಲ್ಲಿ ಇತಿಹಾಸ ಓದುವ ಮಕ್ಕಳಿದ್ದಾರೆ, ಕನ್ನಡ ಎಂ.ಎ. ಓದುವವರಿದ್ದಾರೆ. ವರ್ಷಕ್ಕೊಮ್ಮೆ ನಾಲ್ಕು ದಿನದ ಒಂದು ಶಿಬಿರ ನಡೆಸಿ, ಹಳೆಯ ಮಾರ್ಗದರ್ಶಿಗಳನ್ನೂ ಈ ಮಕ್ಕಳನ್ನೂ ಒಟ್ಟಿಗೆ ಕೂರಿಸಿದರೆ ಹಳಬರು ಮಾತು ಕಲಿಸುತ್ತಾರೆ, ಹೊಸಬರು ಇಸವಿ ಕಲಿಸುತ್ತಾರೆ. ಭಾನುವಾರಗಳಂದು ಬೆಳಿಗ್ಗೆ ದಾವಣಗೆರೆಯಿಂದ ನೇರವಾಗಿ ಕೋಟೆಯ ಬಾಗಿಲಿಗೇ ಒಂದು ಬಸ್ಸು ಹೊರಟು ಸಂಜೆ ಮರಳುವಂತಾದರೆ, ಬೆಣ್ಣೆ ದೋಸೆಗೆಂದು ದಾವಣಗೆರೆಗೆ ಬಂದ ಪರವೂರಿನವರೂ ದುರ್ಗವನ್ನು ನೋಡಿಕೊಂಡು ಹೋಗುತ್ತಾರೆ.

ನಾನು ಬರಿಗೈಯಲ್ಲಿ ಸಲಹೆ ಕೊಡುತ್ತಿಲ್ಲ. ನಿವೃತ್ತಿಯ ನಂತರದ ಮೂರು ವರ್ಷಗಳಲ್ಲಿ ನಾನೂ ನನ್ನ ತಮ್ಮನೂ ಮೊಬೈಲಿನಲ್ಲಿ ಸಿನಿಮಾವನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತ, ತೆರೆಯ ಮೇಲಿನ ಬಂಡೆಯನ್ನೂ ಎದುರಿನ ಬಂಡೆಯನ್ನೂ ಹೋಲಿಸುತ್ತ ಕೋಟೆಯೊಳಗೆ ಅಲೆದಿದ್ದೇವೆ. ಮರಗಿಡಗಳನ್ನು ನಂಬಿದರೆ ದಾರಿ ತಪ್ಪುತ್ತದೆ, ಅಂದಿನ ಗಿಡ ಇಂದು ಮರವಾಗಿದೆ ಅಥವಾ ಇಲ್ಲವೇ ಇಲ್ಲ. ಬಂಡೆಯ ಮೈಮೇಲಿನ ಬಿರುಕು ಮಾತ್ರ ಐವತ್ತು ವರ್ಷಗಳಲ್ಲಿ ಕೂದಲೆಳೆಯಷ್ಟೂ ಸರಿದಿಲ್ಲ. ಬಿರುಕುಗಳನ್ನೇ ಗುರುತು ಹಿಡಿದು ಹನ್ನೊಂದು ಜಾಗಗಳನ್ನು ಖಚಿತಪಡಿಸಿಕೊಂಡಿದ್ದೇವೆ, ಇನ್ನು ನಾಲ್ಕರ ಬಗ್ಗೆ ಅಣ್ಣತಮ್ಮಂದಿರಲ್ಲಿ ಇಂದಿಗೂ ವಾದವಿದೆ. ಪ್ರತಿಯೊಂದು ಜಾಗಕ್ಕೂ ಒಂದೊಂದು ಪುಟದಂತೆ, ನಿಲ್ಲಬೇಕಾದ ಸ್ಥಳ, ನೋಡಬೇಕಾದ ದಿಕ್ಕು, ಬಿಸಿಲು ಸರಿಯಾಗಿ ಬೀಳುವ ಹೊತ್ತು ಎಲ್ಲವನ್ನೂ ಲೆಕ್ಕದ ಪುಸ್ತಕವೊಂದರಲ್ಲಿ ಬರೆದಿಟ್ಟಿದ್ದೇನೆ. ಕೈಪಿಡಿ ಮಾಡಲು ಇಲಾಖೆಯವರಾಗಲಿ, ಯಾವುದಾದರೂ ಕಾಲೇಜಿನವರಾಗಲಿ ಮುಂದೆ ಬಂದರೆ ಅದರ ಪ್ರತಿಯನ್ನು ಏನನ್ನೂ ಬಯಸದೆ ಕೊಡುತ್ತೇನೆ, ಮೊಣಕಾಲು ಒಪ್ಪುವಷ್ಟು ದಿನ ಜೊತೆಯಲ್ಲಿ ಬಂದು ಜಾಗಗಳನ್ನು ತೋರಿಸುತ್ತೇನೆ. ತಮ್ಮ ಪತ್ರಿಕೆಯ ಕಚೇರಿಗೆ ನನ್ನ ವಿಳಾಸವನ್ನು ಬೇರೆಯಾಗಿ ಬರೆದು ಕಳುಹಿಸಿದ್ದೇನೆ. ಕೇಳಿದವರಿಗೆ ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗುಮಾಸ್ತ ಮತ್ತು ತಮ್ಮ ಬಹುಕಾಲದ ಓದುಗ,
ದಾವಣಗೆರೆ